ಅರ್ಧ ಕಿಲೋ ರಾಗಿ ಮಾಲ್ಟಿನ ಜಮಾಖರ್ಚು

ನಾವು ಚಿಕ್ಕವರಿದ್ದಾಗ ತಿಪಟೂರಿನಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಹೋಗುವವರು ಎರಡು ಮೂಸಂಬಿ ಹಿಡಿದು ಹೋಗುತ್ತಿದ್ದರು. ಸ್ವಲ್ಪ ಅನುಕೂಲಸ್ಥರಾದರೆ ಹಾರ್ಲಿಕ್ಸ್ ಬಾಟಲಿ. ಆ ಬಾಟಲಿ ಖಾಲಿಯಾದ ಮೇಲೂ ಹತ್ತು ವರ್ಷ ಅಡುಗೆಮನೆಯ ಶೆಲ್ಫಿನಲ್ಲಿ ಸಾಸಿವೆಯನ್ನೋ ಮೆಂತ್ಯವನ್ನೋ ತುಂಬಿಕೊಂಡು ಕುಳಿತಿರುತ್ತಿತ್ತು. ರಾಗಿ ಹುರಿಹಿಟ್ಟು ಕಟ್ಟಿಕೊಂಡು ರೋಗಿಯನ್ನು ನೋಡಲು ಹೋದವರನ್ನು ಮಾತ್ರ ನಾನು ಕಂಡಿಲ್ಲ. ರಾಗಿ ಅಂದರೆ ಮನೆಯಲ್ಲಿ ಇದ್ದೇ ಇರುವುದು, ಅದಕ್ಕೇನು ಮರ್ಯಾದೆ!

ಈಗ ಮೊಬೈಲಿನಲ್ಲಿ ಯಾವುದೇ ಆನ್‌ಲೈನ್ ಅಂಗಡಿ ತೆರೆದು 'ರಾಗಿ ಮಾಲ್ಟ್' ಅಂತ ಹುಡುಕಿ ನೋಡಿ. ಬೆರಳು ನೋಯುವಷ್ಟು ಸರಿಸಿದರೂ ಪಟ್ಟಿ ಮುಗಿಯುವುದಿಲ್ಲ. ಬಾದಾಮಿ ಹಾಕಿದ್ದು, ಖರ್ಜೂರ ಹಾಕಿದ್ದು, ಚಾಕೊಲೇಟ್ ಬೆರೆಸಿದ್ದು, ಮಕ್ಕಳದ್ದು, ಬಾಣಂತಿಯರದ್ದು, ಜಿಮ್‌ಗೆ ಹೋಗುವವರದ್ದು... ಆ ಪಟ್ಟಿಯಲ್ಲಿ ಎಲ್ಲೋ ಕೆಳಗೆ ನನ್ನ ಅಕ್ಕನ ಮಗಳ ಪೊಟ್ಟಣವೂ ಒಂದಿದೆ. ಆ ಕಥೆ ಹೇಳೋಣ ಅಂತ ಕುಳಿತಿದ್ದೇನೆ. ಕಥೆ ಅನ್ನುವುದಕ್ಕಿಂತ ಲೆಕ್ಕ ಅನ್ನಿ. ಬ್ಯಾಂಕಿನವನ ಕೈಗೆ ಸಿಕ್ಕ ಕಥೆಯೆಲ್ಲ ಕೊನೆಗೆ ಲೆಕ್ಕವೇ ಆಗಿಬಿಡುತ್ತದೆ :)

ನಾನು ಬಿ.ಕಾಂ. ಮುಗಿಸಿ ಕ್ಲರ್ಕ್ ಆಗಿ ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಡೊಂಬಿವಲಿಯಲ್ಲಿ ಮನೆ. ಅಕ್ಕನ ಮಗಳು ಮದುವೆಯಾಗಿ ಇದೇ ಊರಿಗೆ ಬಂದಳು, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅನ್ನುತ್ತೇವೆ, ಇಲ್ಲೂ ಅದೇ ಇರಲಿ. ಹೋಮ್ ಸೈನ್ಸ್ ಓದಿದವಳು, ಆಸ್ಪತ್ರೆಯೊಂದರಲ್ಲಿ ಡಯಟೀಶಿಯನ್ ಆಗಿದ್ದಳು. ಮಗು ಆದ ಮೇಲೆ ಬಿಟ್ಟಳು. ಮಗುವಿಗೆಂದು ಮನೆಯಲ್ಲೇ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಚಕ್ಕಿಯಲ್ಲಿ ಬೀಸಿಸಿ 'ಸರಿ' ಮಾಡುತ್ತಿದ್ದಳು. ನೆರೆಯ ಮರಾಠಿ ಹೆಂಗಸರು ಕೇಳಿ ಒಯ್ದರು, ದುಡ್ಡು ಕೊಟ್ಟು ಮತ್ತೆ ಕೇಳಿದರು. 2022ರ ಜೂನ್ ತಿಂಗಳ ಒಂದು ಭಾನುವಾರ ಬಂದು, "ಮಾಮ, ಇದನ್ನ ಆನ್‌ಲೈನ್ ಮಾರೋಣ ಅಂತಿದ್ದೀನಿ. ಹಾರ್ಲಿಕ್ಸ್, ಬೋರ್ನ್‌ವೀಟಾ ಎಲ್ಲಕ್ಕಿಂತ ನಮ್ಮದೇ ಒಳ್ಳೇದು" ಅಂದಳು.

ಒಳ್ಳೆಯದು ಅನ್ನುವುದರಲ್ಲಿ ನನಗೆ ತಕರಾರಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಮೊಳಕೆ ಕಟ್ಟಿದರೆ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ, ಗಂಜಿ ಅಂಟದೆ ತೆಳ್ಳಗಾಗುತ್ತದೆ, ಮಗುವಿನ ಹೊಟ್ಟೆಗೆ ಸುಲಭ. ಇದೆಲ್ಲ ನಮ್ಮ ಅಜ್ಜಿಗೆ ಹೆಸರು ಗೊತ್ತಿಲ್ಲದೆಯೇ ಗೊತ್ತಿತ್ತು. ಮೈಸೂರಿನ ಸಿ.ಎಫ್.ಟಿ.ಆರ್.ಐ. ರಾಗಿ ಮಾಲ್ಟ್ ಮಾಡುವ ವಿಧಾನವನ್ನು ಉದ್ದಿಮೆಗೆ ಕೊಟ್ಟೂ ಬಹಳ ಕಾಲವಾಯಿತು. ಹಾಗಾಗಿ ವಸ್ತುವಿನ ಬಗ್ಗೆ ಅನುಮಾನವಿಲ್ಲ. ಆದರೆ ಎದುರಾಳಿ ಯಾರು ನೋಡಿ. 1873ರಲ್ಲಿ ಅಮೆರಿಕದಲ್ಲಿ ಇಬ್ಬರು ಅಣ್ಣತಮ್ಮಂದಿರು ಶುರು ಮಾಡಿದ ಹಾರ್ಲಿಕ್ಸ್ ಕೈಯಿಂದ ಕೈಗೆ ಹೋಗಿ, 2020ರ ಏಪ್ರಿಲ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್ ಪಾಲಾಯಿತು. 2018ರಲ್ಲಿ ಆ ವ್ಯವಹಾರ ಘೋಷಣೆಯಾದಾಗ ಹೇಳಿದ ಮೌಲ್ಯ ಸುಮಾರು 31,700 ಕೋಟಿ. ಪುಟ್ಟಿಯ ಹತ್ತಿರ ಇದ್ದದ್ದು ಒಂದು ಮಿಕ್ಸಿ, ನಾಲ್ಕು ಸ್ಟೀಲ್ ಬೇಸಿನ್ನು.

ಮೊದಲ ಮೆಟ್ಟಿಲುಗಳು ಸುಲಭವಾಗಿಯೇ ಆದವು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಎಫ್.ಎಸ್.ಎಸ್.ಎ.ಐ. ನೋಂದಣಿಗೆ ವರ್ಷಕ್ಕೆ ನೂರೇ ರೂಪಾಯಿ. ಉದ್ಯಮ್ ನೋಂದಣಿ ಪುಕ್ಕಟೆ. ಜಿ.ಎಸ್.ಟಿ. ಮಾತ್ರ ಬೇಡವೆಂದರೂ ಬಿಡಲಿಲ್ಲ. ಅಂಗಡಿಯಲ್ಲಿ ಕೂತು ಮಾರುವವನಿಗೆ ಇದ್ದ ರಿಯಾಯಿತಿ ಆನ್‌ಲೈನ್ ಮಾರುವವರಿಗೆ ಆಗ ಇರಲಿಲ್ಲ, ಒಂದು ರೂಪಾಯಿ ಮಾರಿದರೂ ನಂಬರ್ ಬೇಕು. (2023ರ ಅಕ್ಟೋಬರಿನಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಸ್ವಲ್ಪ ಸಡಿಲಿಸಿದರು.) ಇದರ ಮೇಲೆ ಇನ್ನೊಂದು ತಮಾಷೆ: ಬರೀ ರಾಗಿ ಹಿಟ್ಟಿಗೆ ಒಂದು ದರ, ಅದಕ್ಕೆ ಬಾದಾಮಿ ಏಲಕ್ಕಿ ಬೆರೆಸಿ 'ತಯಾರಿಸಿದ ಆಹಾರ' ಅನ್ನಿಸಿಕೊಂಡರೆ 18%! ಕನಿಷ್ಠ ಶೇಕಡಾ 70ರಷ್ಟು ಸಿರಿಧಾನ್ಯವಿರುವ ಪುಡಿಗೆ, ಪೊಟ್ಟಣ ಕಟ್ಟಿ ಮಾರಿದರೆ 5% ಎಂದು ಕೌನ್ಸಿಲ್ ತೀರ್ಮಾನಿಸಿದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ 199 ರೂಪಾಯಿಯ ಪೊಟ್ಟಣದಲ್ಲಿ ಮೂವತ್ತು ರೂಪಾಯಿ ತೆರಿಗೆಯೇ.

ಸಾಲಕ್ಕೆ ನನ್ನ ಬ್ರಾಂಚಿಗೆ ಬರಬೇಡ ಅಂದೆ. ಸಂಬಂಧಿಕರ ಫೈಲು ನನ್ನ ಮೇಜಿನ ಮೇಲೆ ಬರಕೂಡದು. ಬೇರೆ ಬ್ಯಾಂಕಿನಲ್ಲಿ ಮುದ್ರಾ 'ಕಿಶೋರ್' ಅಡಿ 2 ಲಕ್ಷ ಸಿಕ್ಕಿತು, 11%ಕ್ಕೆ, 36 ಕಂತು, ತಿಂಗಳಿಗೆ ಸುಮಾರು 6,550. ಟ್ರೇ ಡ್ರೈಯರ್, ಸಣ್ಣ ಪಲ್ವರೈಸರ್, ಪೊಟ್ಟಣ ಸೀಲ್ ಮಾಡುವ ಯಂತ್ರ, ಲ್ಯಾಬ್ ಪರೀಕ್ಷೆ, ಇಷ್ಟಕ್ಕೆ ಮುಗಿಯಿತು. ಸಾಲದ ಹಣ ಸಾಲದೆ ಬಂದಾಗ ತಿಪಟೂರಿನ ಅಕ್ಕ ತನ್ನ ಒಂದೂವರೆ ಲಕ್ಷದ ಎಫ್.ಡಿ. ಮುರಿಸಿ ಕಳಿಸಿದಳು. ಭಾವ ಹೋದ ಮೇಲೆ ಅವಳ ಹೆಸರಿನಲ್ಲಿ ಉಳಿದಿದ್ದ ಎರಡು ಎಫ್.ಡಿ.ಗಳಲ್ಲಿ ಅದೊಂದು. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿ ಕಡಿಮೆಯಾಗುತ್ತೆ ಅಕ್ಕ, ಅಂದೆ. "ಬಡ್ಡಿ ತಿನ್ನೋ ವಯಸ್ಸು ನನ್ನದಲ್ಲ ಬಿಡೋ" ಅಂದಳು. ಡಾಕ್ಟರು ಸಿಹಿ ಬಿಡಿಸಿದ್ದಾರೆ, ಬಡ್ಡಿಯೂ ಸಿಹಿಯೇ ಅಲ್ಲವೇ ಅನ್ನುವ ಅರ್ಥದಲ್ಲಿ!

ಪುಟ್ಟಿ ಒಂದು ಜಾಣತನ ಮಾಡಿದ್ದಳು. ಬಣ್ಣ ಬಣ್ಣದ ಅಚ್ಚು ಹಾಕಿದ ಪೌಚು ಬೇಕಾದರೆ ಸಿಲಿಂಡರ್ ಖರ್ಚು ಬೇರೆ, ಸಾವಿರಾರು ಪೌಚು ಒಟ್ಟಿಗೇ ತೆಗೆದುಕೊಳ್ಳಬೇಕು. ಅವಳು ಖಾಲಿ ಪೌಚು ತಂದು ಮೇಲೆ ಸ್ಟಿಕ್ಕರ್ ಅಂಟಿಸಿದಳು. ಯಾಕೆ ಇದನ್ನು ಹೇಳುತ್ತಿದ್ದೇನೆಂದರೆ ಮುಂದೆ ಇದೇ ಅವಳನ್ನು ಉಳಿಸಿತು.

2022ರ ಅಕ್ಟೋಬರಿನಲ್ಲಿ ಮಾರಾಟ ಶುರು. ಮೊದಲ ವಾರ ಬಂದ ಒಂಬತ್ತು ಆರ್ಡರಿನಲ್ಲಿ ಆರು ನಮ್ಮ ನೆಂಟರದ್ದೇ! ಆಮೇಲೆ ನಿಂತೇಹೋಯಿತು. ವಿಷಯ ಸರಳ. ಪಟ್ಟಿಯ ಮೇಲ್ಗಡೆ ಕಾಣದವರು ಇಲ್ಲದಂತೆಯೇ. ಮೇಲ್ಗಡೆ ಕಾಣಬೇಕಾದರೆ ಮಾರಾಟ ಆಗಿರಬೇಕು, ಮಾರಾಟ ಆಗಬೇಕಾದರೆ ಮೇಲ್ಗಡೆ ಕಾಣಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುತ್ತಾರಲ್ಲ, ಹಾಗೆ. ಈ ಸುತ್ತಿನಿಂದ ಹೊರಬರಲು ಇರುವ ಬಾಗಿಲು ಒಂದೇ, ದುಡ್ಡು ಕೊಟ್ಟು ಜಾಹೀರಾತು ಹಾಕುವುದು. ಗಿರಾಕಿ ಕೊಂಡರೆ ಅಲ್ಲ, ಒತ್ತಿ ನೋಡಿದರೂ ದುಡ್ಡು. ಅಲ್ಲೂ ಹರಾಜು, ಯಾರು ಹೆಚ್ಚು ಕೂಗುತ್ತಾರೋ ಅವರು ಮೇಲೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ವಿಶ್ವಸಂಸ್ಥೆ ಸಾರಿತ್ತು. ನಾವೆಲ್ಲ ಖುಷಿಪಟ್ಟೆವು, ರಾಗಿಗೆ ಕಾಲ ಬಂತು ಅಂತ. ಕಾಲ ಬಂದದ್ದು ನಿಜ, ಜೊತೆಗೆ ರಾಗಿ ಮಾರುವವರ ದಂಡೂ ಬಂತು, ಹರಾಜಿನ ಕೂಗು ಏರಿತು. ಅವಳದೇ ಬ್ರ್ಯಾಂಡಿನ ಹೆಸರು ಹಾಕಿ ಹುಡುಕಿದರೂ ಮೊದಲು ಕಾಣುತ್ತಿದ್ದದ್ದು ಬೇರೆಯವರ ಜಾಹೀರಾತು!

2024ರ ಜನವರಿಯಲ್ಲಿ ಒಂದು ಶನಿವಾರ, ಬ್ಯಾಂಕಿಗೆ ರಜೆ. ಪುಟ್ಟಿಯ ಎಲ್ಲ ಸ್ಟೇಟ್‌ಮೆಂಟು ಮುಂದಿಟ್ಟುಕೊಂಡು ಕುಳಿತೆ. 500 ಗ್ರಾಂ ಪೊಟ್ಟಣ, ಮಾರುವ ಬೆಲೆ 199. ಅಂಗಡಿಯವರ ಕಮಿಷನ್ನು ಮತ್ತಿತರ ಶುಲ್ಕ 24. ಸಾಗಣೆ 62. ಇವೆರಡರ ಮೇಲೆ 18% ಜಿ.ಎಸ್.ಟಿ. ಸೇರಿ ಒಟ್ಟು 101 ರೂಪಾಯಿ 48 ಪೈಸೆ. ಅಂದರೆ ಕೈಗೆ 97 ಚಿಲ್ಲರೆ. ಇದರಲ್ಲಿ ರಾಗಿ 25 (ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 3,846, ಮೊಳಕೆ, ಸಿಪ್ಪೆ, ಧೂಳು ಅಂತ ಕಳೆದುಹೋಗುವುದು ಬೇರೆ), ಬಾದಾಮಿ ಏಲಕ್ಕಿ 20, ಕರೆಂಟು ಗ್ಯಾಸು 8, ಪೌಚು ಸ್ಟಿಕ್ಕರು 11, ರಟ್ಟಿನ ಡಬ್ಬ ಟೇಪು 8. ಒಟ್ಟು 72. ಉಳಿಯುವುದು ಇಪ್ಪತ್ತೈದೂವರೆ. ಅವಳ ಕೂಲಿ ಇದರಲ್ಲಿ ಇಲ್ಲ. ಮಾರಾಟಕ್ಕೆ ಕಟ್ಟಬೇಕಾದ 5% ತೆರಿಗೆ, ಶುಲ್ಕಗಳ ಮೇಲೆ ತೆತ್ತ 18%ರಲ್ಲಿ ವಜಾ ಆಗಿಹೋಗುತ್ತದೆ. ಹೆಚ್ಚಾಗಿ ತೆತ್ತದ್ದು ಕ್ರೆಡಿಟ್ ಲೆಡ್ಜರಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಸೇವೆಗಳ ಮೇಲಿನ ಆ ಹಣ ವಾಪಸ್ ಕೊಡುವುದಿಲ್ಲ, ಸುಪ್ರೀಂ ಕೋರ್ಟೇ 2021ರಲ್ಲಿ ಆ ನಿಯಮ ಎತ್ತಿಹಿಡಿದಿದೆ.

ಸಾಗಣೆ 62 ಯಾಕೆ? ಅದನ್ನು ನೋಡಿದಾಗ ನನಗೆ ನಗು ಬಂತು. ದರ ಇರುವುದು 500 ಗ್ರಾಂವರೆಗೆ ಒಂದು, ಅದು ದಾಟಿದರೆ ಇನ್ನೊಂದು. 500 ಗ್ರಾಂ ರಾಗಿಗೆ ಪೌಚಿನ ಭಾರ, ಡಬ್ಬದ ಭಾರ ಸೇರಿದರೆ 580 ಆಗುತ್ತದೆ. ಪ್ರತಿ ಪೊಟ್ಟಣವೂ ಆ 80 ಗ್ರಾಂ ರಟ್ಟಿನಿಂದಾಗಿ ಮೇಲಿನ ದರಕ್ಕೆ ಬೀಳುತ್ತಿತ್ತು! "400 ಗ್ರಾಂ ಮಾಡು ಪುಟ್ಟಿ" ಅಂದೆ. ಸ್ಟಿಕ್ಕರ್ ಆದ್ದರಿಂದ ಮರುದಿನವೇ ಬದಲಾಯಿತು. ಬೆಲೆ 169, ಸಾಗಣೆ 46. ಈಗ ಉಳಿಯುವುದು ಸುಮಾರು 28. ಕಡಿಮೆ ರಾಗಿ ಕೊಟ್ಟು ಎರಡೂವರೆ ರೂಪಾಯಿ ಹೆಚ್ಚು ಉಳಿಸಿದ್ದಕ್ಕೆ ಅವಳಿಗೆ ಸಮಾಧಾನವಿರಲಿಲ್ಲ. ನನಗೂ ಅಷ್ಟೇನಿರಲಿಲ್ಲ ಅನ್ನಿ, ಲೆಕ್ಕದಲ್ಲಿ ಸರಿ ಇತ್ತು.

ಇಷ್ಟಾದ ಮೇಲೆ ಜಾಹೀರಾತಿನ ಹಾಳೆ ತೆಗೆದೆ. ಒಂದು ಕ್ಲಿಕ್ಕಿಗೆ ಸರಾಸರಿ 8 ರೂಪಾಯಿ, ಹದಿನಾಲ್ಕು ಜನ ಒತ್ತಿದರೆ ಒಬ್ಬರು ಕೊಳ್ಳುತ್ತಿದ್ದರು. 112 ರೂಪಾಯಿ ಖರ್ಚು ಮಾಡಿ 28 ರೂಪಾಯಿಯ ಲಾಭ ಹಿಡಿಯುವ ವ್ಯಾಪಾರ. ಅದೇ ಗಿರಾಕಿ ಜಾಹೀರಾತು ನೋಡದೆ ಇನ್ನೂ ಮೂರು ಸಲ ಬಂದು ಕೊಂಡರೆ ಮೊದಲ ಸಲದ ಖರ್ಚು ಸರಿಹೋಗುತ್ತದೆ, ಲಾಭ ಸೊನ್ನೆ. ಬಂದವರು ಮತ್ತೆ ಬಂದರಾ? ತಿಳಿಯಲು ದಾರಿಯಿಲ್ಲ. ಗಿರಾಕಿಯ ಹೆಸರು, ಫೋನ್ ನಂಬರ್ ಮಾರುವವರ ಕೈಗೆ ಸಿಗುವುದಿಲ್ಲ, ಅವರು ಅಂಗಡಿಯ ಗಿರಾಕಿಗಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ ಇದೇ ವಿಚಿತ್ರ ಅನ್ನಿಸಿದ್ದು. ಖಾತೆದಾರ ಯಾರೆಂದೇ ಗೊತ್ತಿಲ್ಲದೆ ಖಾತೆ ನಡೆಸುವುದು ಹೇಗೆ? ದೊಡ್ಡ ಕಂಪನಿಗಳು ಈ ನಷ್ಟವನ್ನು ವರ್ಷಗಟ್ಟಲೆ ಹೊರಬಲ್ಲವು, ಹಾಕಲು ಹೂಡಿಕೆದಾರರ ಹಣವಿದೆ. ಇಲ್ಲಿ ಹಾಕಿದ್ದು ಅಕ್ಕನ ಎಫ್.ಡಿ.

ಹೀಗಿರುವಾಗ ಪುಟ್ಟಿಯ ಗಂಡನ ಗೆಳೆಯರೊಬ್ಬರ ಮೂಲಕ ಒಬ್ಬ ಮಾರ್ಕೆಟಿಂಗ್ ಹುಡುಗ ಬಂದ. ಚುರುಕು, ಮಾತು ಬಲ್ಲವನು, ನನಗೂ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಸಲಹೆ ಎರಡು. ಒಂದು, ಇನ್ನೂ 5 ಲಕ್ಷ ಸಾಲ ಮಾಡಿ ಆರು ತಿಂಗಳು ಜೋರಾಗಿ ಜಾಹೀರಾತು ಹಾಕುವುದು. ಎರಡನೆಯದು, ಲೇಬಲ್ ಬದಲಿಸುವುದು. "ಮೊಳಕೆ ರಾಗಿ, ಬಾದಾಮಿ ಅಂತ ಇದ್ದರೆ ಯಾರು ಒತ್ತುತ್ತಾರೆ ಅಂಕಲ್? ಶುಗರ್ ಕಂಟ್ರೋಲ್ ಅಂತ ಹಾಕಿ. ಹದಿನಾಲ್ಕು ಕ್ಲಿಕ್ಕಿಗೆ ಒಂದು ಇರೋದು ಆರಕ್ಕೆ ಒಂದಾಗುತ್ತೆ." ಜೊತೆಗೆ ನೂರು ಒಳ್ಳೆ ಅಭಿಪ್ರಾಯ ಬರೆಸಿಕೊಡುವ ಜನರೂ ಅವನ ಬಳಿ ಇದ್ದರಂತೆ, ಐದು ನಕ್ಷತ್ರ ಸಮೇತ. ಅವನು ಸುಳ್ಳುಗಾರ ಅಂತ ನಾನು ಹೇಳಲಾರೆ. ಲೆಕ್ಕ ಅವನಿಗೂ ಬರುತ್ತಿತ್ತು. 112ನ್ನು 48ಕ್ಕೆ ಇಳಿಸುವ ದಾರಿ ಅದೊಂದೇ ಎಂದು ಅವನು ಕಂಡುಕೊಂಡಿದ್ದ, ಪಟ್ಟಿಯಲ್ಲಿ ಮೇಲಿರುವ ಕೆಲವರೂ ಕಂಡುಕೊಂಡಿರಬೇಕು.

ಕಾಯಿಲೆ ವಾಸಿಮಾಡುತ್ತದೆಂದು ಆಹಾರದ ಮೇಲೆ ಬರೆಯಬಾರದೆಂದು ಎಫ್.ಎಸ್.ಎಸ್.ಎ.ಐ.ನ 2018ರ ನಿಯಮಾವಳಿಯೇ ಇದೆ. ನಾನು ಅದನ್ನು ಹೇಳಿದೆ. "ಕಂಟ್ರೋಲ್ ಅಂತೀವಿ, ವಾಸಿ ಅನ್ನಲ್ವಲ್ಲ" ಅಂದ ಹುಡುಗ. ಪುಟ್ಟಿ ಏನೂ ಮಾತಾಡಲಿಲ್ಲ. ಕಂತು ಕಟ್ಟುವ ತಾರೀಕು ಹತ್ತಿರ ಬಂದಿತ್ತು, ಗಂಡನ ಸಂಬಳದಿಂದ ಕಟ್ಟಬೇಕಾದ ಮೂರನೇ ತಿಂಗಳು. ಅವಳು "ಬೇಡ" ಅನ್ನಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ರಾತ್ರಿ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟಳು. ದುಡ್ಡು ಹಾಕಿದವಳು ಅವಳೂ ತಾನೆ. ಅಕ್ಕ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ನಂಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಯ್ತು ಪುಟ್ಟಿ. ರಾಗಿ ತಿನ್ನೋಕೆ ಶುರು ಮಾಡಿ ಅರವತ್ತೆಂಟು ವರ್ಷ. ಏನಂತ ಬರೀತೀಯ?"

ಪುಟ್ಟಿ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುತ್ತಿದ್ದ ಧಾಟಿಯಲ್ಲಿ ಆ ಹುಡುಗನಿಗೆ ಫೋನಿನಲ್ಲೇ ವಿವರಿಸಿದಳು. ಮುದ್ದೆಯೇ ಬೇರೆ, ಮೊಳಕೆ ಕಟ್ಟಿ ನುಣ್ಣಗೆ ಬೀಸಿ ಕುದಿಸಿದ ಗಂಜಿಯೇ ಬೇರೆ. ಬೇಗ ಜೀರ್ಣವಾಗುತ್ತದೆ ಎಂಬುದೇ ಮಗುವಿಗೆ ಅದರ ಗುಣ, ಸಕ್ಕರೆ ಕಾಯಿಲೆಯವರಿಗೆ ಅದೇ ತೊಂದರೆ. ನಮ್ಮ ಮಾತು ನಂಬಿ ಯಾರಾದರೂ ಮಾತ್ರೆ ಕಡಿಮೆ ಮಾಡಿಕೊಂಡರೆ? ಹುಡುಗ ಮತ್ತೆ ಬರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ನಡೆಯಿತು. ಹಾಲು, ಧಾನ್ಯ, ಮಾಲ್ಟಿನ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಲ್ಲಿಟ್ಟು ಮಾರಬೇಡಿ, ಆಹಾರ ಕಾಯಿದೆಯಲ್ಲಿ ಅಂಥ ಪದವೇ ಇಲ್ಲ ಎಂದು ಎಫ್.ಎಸ್.ಎಸ್.ಎ.ಐ. ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತು. ವಾಣಿಜ್ಯ ಸಚಿವಾಲಯ ಬೋರ್ನ್‌ವೀಟಾದ ಹೆಸರು ಹಿಡಿದೇ ಸುತ್ತೋಲೆ ಕಳಿಸಿತು. ಹಾರ್ಲಿಕ್ಸ್‌ನವರು ತಮ್ಮ ವಿಭಾಗದ ಹೆಸರನ್ನೇ ಬದಲಿಸಿಕೊಂಡರು. ಒಳ್ಳೆಯದೇ ಆಯಿತು, ಆದರೆ ಪುಟ್ಟಿಯ ಪೊಟ್ಟಣವೂ ಅದೇ ವಿಭಾಗದಲ್ಲಿತ್ತಲ್ಲ! ಒಂದು ಬೆಳಗ್ಗೆ ನೋಡಿದರೆ ಪಟ್ಟಿಯಲ್ಲಿ ಅದಿಲ್ಲ. ದೊಡ್ಡವರಿಗೆ ಫೋನ್ ಎತ್ತಿ ಮಾತಾಡುವ ಜನ ಇರುತ್ತಾರೆ. ಇವಳು ಹನ್ನೊಂದು ದಿನ ದೂರು ಬರೆದು ಬರೆದು 'ಹಿಟ್ಟು ಮತ್ತು ಧಾನ್ಯ' ಎಂಬ ವಿಭಾಗದಲ್ಲಿ ಮತ್ತೆ ಕಾಣಿಸಿಕೊಂಡಳು. ಹಿಟ್ಟಿನ ವಿಭಾಗದಲ್ಲಿ 400 ಗ್ರಾಂಗೆ 169 ಅಂದರೆ ಜನ ಪಕ್ಕದ 60 ರೂಪಾಯಿಯ ರಾಗಿ ಹಿಟ್ಟು ನೋಡಿ ಬೈಯುತ್ತಾರೆ. ಬೈದರು ಕೂಡ.

ಆ ಹನ್ನೊಂದು ದಿನ ತಯಾರಾಗಿ ಕುಳಿತಿದ್ದ 140 ಪೊಟ್ಟಣ ಏನು ಮಾಡುವುದು? ಬಾದಾಮಿ ಇರುವ ಪುಡಿ, ಮುಂಬಯಿಯ ಸೆಕೆ, ಇಟ್ಟರೆ ಜಿಡ್ಡು ವಾಸನೆ ಹಿಡಿಯುತ್ತದೆ. ಅವಳು ಅರ್ಧವನ್ನು ಚೀಲದಲ್ಲಿ ಹಾಕಿಕೊಂಡು ಸ್ಟೇಷನ್ ಹತ್ತಿರದ ಕಿರಾಣಿ ಅಂಗಡಿಗಳಿಗೆ ಹೋದಳು, ಇನ್ನರ್ಧವನ್ನು ನಾನು ಮಾಟುಂಗಾಕ್ಕೆ ಒಯ್ದೆ. ಅಲ್ಲಿ ನಮ್ಮ ಕಡೆಯ ಸಾಮಾನು ಮಾರುವ ಅಂಗಡಿಗಳಿವೆಯಲ್ಲ, ಗೌರಿ ಹಬ್ಬಕ್ಕೆ ಬಾಳೆ ಎಲೆ ತರಲು ಹೋಗಿ ಹೋಗಿ ಪರಿಚಯ. ಅಂಗಡಿಯವರು 20% ಇಟ್ಟುಕೊಂಡು ಮಾರಿ, ತಿಂಗಳಿಗೊಮ್ಮೆ ಹಣ ಕೊಡುತ್ತಾರೆ. 150 ರೂಪಾಯಿಗೆ ಮಾರಿದರೆ ಇವಳಿಗೆ 120. ರಟ್ಟಿನ ಡಬ್ಬ ಬೇಡ, ಸಾಗಣೆ ಲೋಕಲ್ ಟ್ರೈನಿನ ಪಾಸು. ನಾನು ಮತ್ತೆ ಲೆಕ್ಕ ಹಾಕಿದೆ, ತೆರಿಗೆ ಕಳೆದು ಪೊಟ್ಟಣಕ್ಕೆ 55ರ ಮೇಲೆ ಉಳಿಯುತ್ತದೆ.

ಹಾಗಂತ ಅವಳು ಗೆದ್ದಳು ಎಂದು ಬರೆಯಲಾರೆ. ತಿಂಗಳಿಗೆ ಮುನ್ನೂರು ಪೊಟ್ಟಣ ಹೋದರೆ ಅದು ಒಳ್ಳೆಯ ತಿಂಗಳು. ಮಳೆಗಾಲದಲ್ಲಿ ಡ್ರೈಯರ್ ಇದ್ದರೂ ಮೊಳಕೆ ಹುಳಿ ಬರುತ್ತದೆ, ಒಂದೊಂದು ಸಲ ಇಡೀ ಬೇಸಿನ್ನು ಎಸೆಯಬೇಕು. ಡಯಟೀಶಿಯನ್ ಕೆಲಸಕ್ಕೇ ಹೋಗಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತು, ಈಗ ವಾರಕ್ಕೆ ಎರಡು ದಿನ ಹೋಗುತ್ತಾಳೆ ಕೂಡ. 2025ರ ಸೆಪ್ಟೆಂಬರಿನಲ್ಲಿ ಹಾರ್ಲಿಕ್ಸ್ ತರಹದ ಪುಡಿಗಳ ತೆರಿಗೆಯೂ 18ರಿಂದ 5ಕ್ಕೆ ಇಳಿದು ಅವುಗಳ ಬೆಲೆ ಕಡಿಮೆಯಾಯಿತು. ರಾಗಿಗಿದ್ದ ಸಣ್ಣ ಅನುಕೂಲವೂ ಹೋಯಿತು. ಆನ್‌ಲೈನ್ ಪೊಟ್ಟಣವನ್ನು ತೆಗೆಸಿಲ್ಲ, ಜಾಹೀರಾತಿಲ್ಲದೆ ಅದರ ಪಾಡಿಗೆ ಅದಿದೆ. ತಿಂಗಳಿಗೆ ಇಪ್ಪತ್ತೋ ಇಪ್ಪತ್ತೈದೋ ಆರ್ಡರ್. ನಾಗಪುರದಿಂದ ಯಾರೋ ಪ್ರತಿ ತಿಂಗಳೂ ಎರಡು ತರಿಸುತ್ತಾರೆ, ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಅಂದ ಹಾಗೆ, ಡೊಂಬಿವಲಿಯ ಅಂಗಡಿಗಳಿಗೆಂದು ಸ್ಟಿಕ್ಕರಿನ ಮೇಲೆ 'ನಾಚಣಿ ಸತ್ವ' ಎಂದು ಮರಾಠಿಯಲ್ಲಿ ಹಾಕಿಸಿದ್ದಳು. ಒಬ್ಬರು ಅಜ್ಜಿ ಅಂಗಡಿಯಲ್ಲೇ ತಡೆದು, "ಹೇ ಸತ್ವ ನಾಹೀ ಗ, ಹೇ ತರ ಪೀಠ ಆಹೇ" ಅಂದರಂತೆ. ಸತ್ವ ಅಂದರೆ ನೆನೆಸಿ ರುಬ್ಬಿ ಸೋಸಿ ಒಣಗಿಸಿದ್ದು, ಇದು ಹಿಟ್ಟು. ಅಜ್ಜಿ ಹೇಳಿದ್ದು ಸರಿ. ಮರುವಾರ ಸ್ಟಿಕ್ಕರ್ ಬದಲಾಯಿತು.

ಸಾಲದ ಕೊನೆಯ ಕಂತು 2025ರ ಅಕ್ಟೋಬರಿನಲ್ಲಿ ಮುಗಿಯಿತು. ನವೆಂಬರಿನಿಂದ ಪುಟ್ಟಿ ನಮ್ಮ ಬ್ರಾಂಚಿನಲ್ಲಿ ತಿಂಗಳಿಗೆ 3,000ದ ಆರ್.ಡಿ. ಕಟ್ಟುತ್ತಿದ್ದಾಳೆ, 48 ತಿಂಗಳದ್ದು. ಬಡ್ಡಿ ಸೇರಿದರೆ ಒಂದೂವರೆ ಲಕ್ಷ ದಾಟುತ್ತದೆ. ಫಾರಂ ತುಂಬಿಸುವಾಗ ನಾಮಿನಿ ಕಾಲಂನಲ್ಲಿ ಅಕ್ಕನ ಹೆಸರು ಬರೆಸಿದಳು. ಅಕ್ಕನಿಗೆ ಇನ್ನೂ ಹೇಳಿಲ್ಲ.